ದೇವಳಿಯ ತಾಮ್ರಶಾಸನ ಮತ್ತು ಮಿತ್ರರಾಜರ ಸಮಾಲೋಚನೆ

ಕೋರಾಡಿಯ ಜಗದಂಬೆಯ ದರ್ಶನಕ್ಕೆ ಹೋಗುವ ನಾಗಪುರದ ಕನ್ನಡಿಗನಿಗೆ, ಅಲ್ಲಿಯ ವಿದ್ಯುದಾಗಾರದ ಚಿಮಣಿಗಳ ಆಚೆಗೆ ಹಬ್ಬಿರುವ ಬಯಲು ಒಂದು ಕಾಲದಲ್ಲಿ ಮಾನ್ಯಖೇಟದ ಆಳಿಕೆಗೆ ಸೇರಿತ್ತೆಂಬ ಸಂಗತಿ ಸಹಜವಾಗಿಯೇ ಹೆಮ್ಮೆಯನ್ನುಂಟುಮಾಡುತ್ತದೆ. ಈ ಹೆಮ್ಮೆಗೆ ಆಧಾರವಾಗಿ ಎತ್ತಿ ಹೇಳುವುದು ವರ್ಧಾ ಜಿಲ್ಲೆಯ ದೇವಳಿಯಲ್ಲಿ ದೊರೆತ, ರಾಷ್ಟ್ರಕೂಟ ಮೂರನೆಯ ಕೃಷ್ಣನ ತಾಮ್ರಶಾಸನವನ್ನು. ಶಕ 862ರ, ಎಂದರೆ ಕ್ರಿ.ಶ. 940ರ, ಈ ಶಾಸನವು ನಾಗಪುರ-ನಂದಿವರ್ಧನ ವಿಷಯದ ಗ್ರಾಮವೊಂದನ್ನು ದತ್ತಿ ಕೊಟ್ಟುದನ್ನು ತಿಳಿಸುತ್ತದೆ. ನಂದಿವರ್ಧನವೆಂದರೆ ರಾಮಟೇಕದ ಬಳಿಯ ಇಂದಿನ ನಗರಧನ. ನಾಗಪುರವೆಂಬ ಹೆಸರಿನ ಅತಿ ಪ್ರಾಚೀನ ಉಲ್ಲೇಖವೆಂದು ಈ ಶಾಸನವನ್ನು ಸ್ಮರಿಸುವವರು ಬಹುಮಂದಿ. ಆ ಹೆಸರಿನಿಂದ ಮುಂದಕ್ಕೆ ಓದುವವರು ವಿರಳ. ಹಾಗೆ ಓದಿದಾಗ ಒಂದು ಪ್ರಶ್ನೆ ಏಳುತ್ತದೆ. ದತ್ತಿಯಾದ ಭೂಮಿ ವಿದರ್ಭದ್ದು; ಆದರೆ ಶಾಸನದ ಪ್ರಶಸ್ತಿಭಾಗದಲ್ಲಿ ಬರುವ ಮುಖ್ಯ ವಾರ್ತೆಯೊಂದು ದೂರದ ಗಂಗವಾಡಿಯದು. ಇದೇಕೆ?

ಕೃಷ್ಣನು ಪಟ್ಟಕ್ಕೆ ಬಂದುದು 939ರಲ್ಲಿ. ಅದಕ್ಕೆ ಮುನ್ನ, ಕುಮಾರನಾಗಿದ್ದಾಗಲೇ, ಅವನು ಗಂಗವಾಡಿಯಲ್ಲಿ ರಾಚಮಲ್ಲನನ್ನು ತೆಗೆದು ಬೂತುಗನನ್ನು ನೆಲೆಗೊಳಿಸಿದನು. ಶಾಸನಕವಿ ಇದನ್ನು ತೋಟದ ರೂಪಕದಲ್ಲಿ ಹೇಳುತ್ತಾನೆ: ಒಂದು ವಿಷವೃಕ್ಷವನ್ನು ಕಿತ್ತು ಮತ್ತೊಂದು ಒಳ್ಳೆಯ ಮರವನ್ನು ನೆಟ್ಟಂತೆ. ರೂಪಕ ರಮ್ಯವಾದುದು, ಆದರೆ ಅದರಲ್ಲಿ ಅಡಗಿರುವ ರಾಜಕೀಯವನ್ನು ಮರೆಯುವಂತಿಲ್ಲ. ಮರಕ್ಕೆ ಮಾತಿಲ್ಲ, ತೋಟಗಾರನದೇ ಇಚ್ಛೆ. ಮಿತ್ರನನ್ನು ಮರವಾಗಿ ಕಾಣಿಸುವುದು ಚಕ್ರವರ್ತಿಯ ದೃಷ್ಟಿ.

ಇದೇ ಶಾಸನದಲ್ಲಿ ಇನ್ನೊಂದು ಸಂಗತಿಯಿದೆ. ಕೃಷ್ಣನ ತಂದೆ ಮೂರನೆಯ ಅಮೋಘವರ್ಷನು ಸಾಮಂತರ ಪ್ರಾರ್ಥನೆಯ ಮೇರೆಗೆ ಸಿಂಹಾಸನವನ್ನೇರಿದನೆಂದು ಅದು ಹೇಳುತ್ತದೆ. ಸಾಮಂತರೆಲ್ಲ ಒಕ್ಕೊರಲಿನಿಂದ ಪ್ರಾರ್ಥಿಸಬೇಕಾದರೆ ಮೊದಲು ಅವರು ತಮ್ಮೊಳಗೆ ಆಲೋಚಿಸಿರಲೇಬೇಕು. ಮರುವರ್ಷ, 941ರಲ್ಲಿ, ಪಂಪನು ವಿಕ್ರಮಾರ್ಜುನ ವಿಜಯವನ್ನು ಮುಗಿಸಿದನು. ಅಲ್ಲಿ ಇದೇ ಘಟನೆ ಬೇರೊಂದು ಬಣ್ಣ ತಾಳುತ್ತದೆ. ವೇಮುಲವಾಡದ ಅರಿಕೇಸರಿ ಗೊಜ್ಜಿಗನನ್ನು ಎದುರಿಸಿ, ಬದ್ದೆಗನಿಗೆ, ಅಂದರೆ ಈ ಅಮೋಘವರ್ಷನಿಗೆ, ಸಾರ್ವಭೌಮ ಪದವಿಯನ್ನು ದೊರಕಿಸಿಕೊಟ್ಟನು. ಶಾಸನದಲ್ಲಿ ಪ್ರಾರ್ಥನೆಯಾದುದು ಕಾವ್ಯದಲ್ಲಿ ಪರಾಕ್ರಮವಾಗಿದೆ, ಬೇಡಿದವನು ಕೊಟ್ಟವನಾಗಿದ್ದಾನೆ. ಇವೆರಡರಲ್ಲಿ ಒಂದು ಸತ್ಯ, ಇನ್ನೊಂದು ಉತ್ಪ್ರೇಕ್ಷೆ ಎಂದು ತೀರ್ಮಾನಿಸುವುದು ಅವಸರದ ವಿಮರ್ಶೆ. ಮೈತ್ರಿಯೆಂಬುದಕ್ಕೆ ಎರಡು ಬದಿಗಳುಂಟು. ಒಂದೊಂದು ಬದಿಗೂ ತನ್ನದೇ ಭಾಷೆಯುಂಟು.

ಮೂರನೆಯ ಪಠ್ಯ ಮಂಡ್ಯ ಜಿಲ್ಲೆಯ ಆತಕೂರಿನ ಶಿಲಾಶಾಸನ. 949ರಲ್ಲಿ ತಕ್ಕೋಲದ ಕಾಳಗದಲ್ಲಿ ಬೂತುಗನು ಚೋಳ ರಾಜಾದಿತ್ಯನನ್ನು ಕೊಂದನು. ಮೆಚ್ಚಿದ ಕೃಷ್ಣನು ಅವನಿಗೆ ಬನವಾಸಿ ಹನ್ನೆರಡು ಸಾಸಿರವನ್ನೂ ಬೆಳ್ವೊಲ, ಪುರಿಗೆರೆ, ಕಿಸುಕಾಡು, ಬಾಗೆನಾಡುಗಳನ್ನೂ ಕೊಟ್ಟನು. ದೇವಳಿಯ ಮರಕ್ಕೆ ಇಲ್ಲಿ ಕೈ ಬಂದಿದೆ, ಕತ್ತಿ ಬಂದಿದೆ. ಅಷ್ಟೇ ಅಲ್ಲ, ಬೂತುಗನು ತಾನೂ ತನ್ನ ಸೇವಕ ಮಣಲೆರನಿಗೆ ಮೆಚ್ಚನ್ನು ಬೇಡಲು ಹೇಳುತ್ತಾನೆ. ಆ ವೀರನು ಕಾಳಿಯೆಂಬ ಬೇಟೆನಾಯನ್ನು ಬೇಡಿ ಪಡೆಯುತ್ತಾನೆ. ಹಂದಿಯೊಡನೆ ಹೋರಾಡಿ ಸತ್ತ ಆ ನಾಯಿಯ ನೆನಪಿಗೆ ನಿಂತ ಕಲ್ಲೇ ನಮಗೆ ತಕ್ಕೋಲದ ವಾರ್ತೆಯನ್ನೂ ಉಳಿಸಿಕೊಟ್ಟಿದೆ.

ಇಲ್ಲಿ ವಿಮರ್ಶಕನು ನಿಲ್ಲಬೇಕಾದ ಸ್ಥಳವೊಂದಿದೆ. ಹೆಬ್ಬಾಳದ 975ರ ಶಾಸನದ ಪ್ರಕಾರ, ಆತಕೂರಿನಲ್ಲಿ ಹೇಳಿದ ಈ ನಾಲ್ಕು ಚಿಕ್ಕ ನಾಡುಗಳು ಕೃಷ್ಣನ ಸೋದರಿ ರೇವಕನಿಮ್ಮಡಿಯ ವಿವಾಹದಲ್ಲಿ ಬೂತುಗನಿಗೆ ಬಳುವಳಿಯಾಗಿ ಬಂದವು. ಬಳುವಳಿಯಾಗಿ ಕೊಟ್ಟುದನ್ನೇ ಯುದ್ಧಾನಂತರ ಮೆಚ್ಚಾಗಿ ಕೊಟ್ಟುದು ವಿರೋಧಾಭಾಸದಂತೆ ಕಾಣಬಹುದು. ವಾಸ್ತವವಾಗಿ ಇದೇ ಮೈತ್ರಿಯ ಮರ್ಮ: ಒಮ್ಮೆ ಕೊಟ್ಟ ಮಾತನ್ನು ಮತ್ತೆ ಮತ್ತೆ ಸೇರಿ ನವೀಕರಿಸಬೇಕು. ರಕ್ತಸಂಬಂಧ ಮಾತ್ರದಿಂದ ಮೈತ್ರಿ ನಿಲ್ಲದೆಂಬುದಕ್ಕೆ ದೇವಳಿಯ ಶಾಸನವೇ ಸಾಕ್ಷಿ. ತನ್ನ ತಾಯಿಗೂ ಪತ್ನಿಗೂ ಹಿರಿಯ ಬಂಧುವಾಗಿದ್ದ ಸಹಸ್ರಾರ್ಜುನನನ್ನು, ಎಂದರೆ ತ್ರಿಪುರಿಯ ಕಲಚುರಿ ಅರಸನನ್ನು, ಕೃಷ್ಣನು ಗೆದ್ದನೆಂದು ಅದು ಅಭಿಮಾನದಿಂದಲೇ ಹೇಳುತ್ತದೆ. ಗಂಗನೂ ಬಂಧು, ಕಲಚುರಿಯೂ ಬಂಧು; ಒಬ್ಬನು ಜೊತೆಗಾರನಾಗಿ ಉಳಿದನು, ಇನ್ನೊಬ್ಬನು ಶತ್ರುವಾದನು. ಇವರನ್ನು ಬೇರ್ಪಡಿಸಿದುದು ಒಂದೇ ಪಾಳೆಯದಲ್ಲಿ ಕಳೆದ ವರ್ಷಗಳು. 959ರಲ್ಲಿ ಕೃಷ್ಣನು ಮೇಲ್ಪಾಡಿಯಲ್ಲಿ ಬೀಡುಬಿಟ್ಟು, ದಕ್ಷಿಣದ ನಾಡುಗಳನ್ನು ತನ್ನವರಿಗೆ ಹಂಚಿಕೊಡುತ್ತಿದ್ದುದನ್ನು ಕರ್ಹಾಡ ಶಾಸನ ತಿಳಿಸುತ್ತದೆ. ಆ ಬೀಡೇ ಆ ಕಾಲದ ಸಮಾಲೋಚನಾ ಸಭೆ.

ಗಂಗರು ಅಧೀನ ಮಂಡಲಿಕರು, ಸಮಾನ ಮಿತ್ರರಲ್ಲ ಎಂಬ ಆಕ್ಷೇಪವು ನ್ಯಾಯವಾದುದೇ. ಆದರೆ ಸಮಾನರೆಂದು ಕರೆದುಕೊಳ್ಳುವ ಇಂದಿನ ಮಿತ್ರರಾಷ್ಟ್ರಗಳೂ ಬಲದಲ್ಲಿ ಸಮಾನವಲ್ಲ. ಆದುದರಿಂದಲೇ 1949ರ ಉತ್ತರ ಅಟ್ಲಾಂಟಿಕ್ ಒಪ್ಪಂದದ ನಾಲ್ಕನೆಯ ವಿಧಿ, ಯಾವುದೇ ಸದಸ್ಯನ ಭದ್ರತೆಗೆ ಬೆದರಿಕೆ ತೋರಿದಾಗ ಎಲ್ಲರೂ ಕೂಡಿ ಸಮಾಲೋಚಿಸಬೇಕೆಂದು ವಿಧಿಸುತ್ತದೆ. ಮೈತ್ರಿಯ ಒಪ್ಪಂದವಿಲ್ಲದ ಭಾರತವೂ ಅಮೆರಿಕದೊಡನೆ 2018ರಿಂದ, ಜಪಾನಿನೊಡನೆ 2019ರಿಂದ, ರಕ್ಷಣಾ ಹಾಗೂ ವಿದೇಶಾಂಗ ಮಂತ್ರಿಗಳ ಜಂಟಿ ಮಾತುಕತೆಗಳನ್ನು ನಡೆಸುತ್ತ ಬಂದಿದೆ. ಚಿಕ್ಕವನ ಮಾತನ್ನು ದೊಡ್ಡವನು ಕೇಳಲು ಒಂದು ನಿಯತ ಸ್ಥಳ ಬೇಕೆಂಬುದೇ ಇವುಗಳ ತಾತ್ಪರ್ಯ.

967ರಲ್ಲಿ ಕೃಷ್ಣನು ತೀರಿಕೊಂಡ ಮೇಲೆ ರಾಷ್ಟ್ರಕೂಟರ ಮೈತ್ರಿಯ ಕಟ್ಟು ಸಡಿಲಿತು. 972ರಲ್ಲಿ ಪರಮಾರ ಸೀಯಕನು ಮಾನ್ಯಖೇಟವನ್ನು ಸೂರೆಗೊಂಡನು. 973ರಲ್ಲಿ ಸಾಮಂತನಾದ ತೈಲಪನೇ ರಾಜ್ಯವನ್ನು ಕೈವಶಮಾಡಿಕೊಂಡನು. ಬೂತುಗನ ಮಗ ಮಾರಸಿಂಹನು ಮಾತ್ರ ಕೃಷ್ಣನ ಮೊಮ್ಮಗ ಇಂದ್ರನಿಗೆ ಪಟ್ಟಕಟ್ಟಲು ಹೆಣಗಿ, ಕೊನೆಗೆ ಬಂಕಾಪುರದಲ್ಲಿ ಸಲ್ಲೇಖನವನ್ನು ಕೈಕೊಂಡನು. ಇಂದ್ರನೂ 982ರಲ್ಲಿ ಶ್ರವಣಬೆಳಗೊಳದಲ್ಲಿ ಅದೇ ಹಾದಿಯನ್ನು ಹಿಡಿದನು.

ದೇವಳಿಯ ಶಾಸನವನ್ನು ಹೊರನಾಡ ಕನ್ನಡಿಗನು ಕೇವಲ ಆಳಿದವರ ಹೆಮ್ಮೆಯಾಗಿ ಓದಿದರೆ, ಅವನಿಗೆ ಕಾಣುವುದು ತೋಟಗಾರನೊಬ್ಬನೇ. ಪಂಪನನ್ನೂ ಆತಕೂರಿನ ಕಲ್ಲನ್ನೂ ಅದರ ಪಕ್ಕದಲ್ಲಿಟ್ಟು ಓದಿದಾಗ ಮರವೂ ಮಾತನಾಡುತ್ತದೆ. ವಿದರ್ಭದ ದತ್ತಿಶಾಸನದಲ್ಲಿ ಗಂಗವಾಡಿಯ ವಾರ್ತೆ ಏಕೆ ಬಂದಿತೆಂಬುದಕ್ಕೆ ಉತ್ತರ ಆಗ ದೊರೆಯುತ್ತದೆ: ಹೊಸ ಅರಸನು ಉತ್ತರದ ಗಡಿಯಲ್ಲಿ ಭೂಮಿ ಕೊಡುತ್ತಿದ್ದಾಗಲೂ, ತನ್ನ ಬೆನ್ನಿಗೆ ಯಾರಿದ್ದಾರೆಂಬುದನ್ನು ಕೇಳುವವರಿಗೆಲ್ಲ ತಿಳಿಸಬೇಕಾಗಿತ್ತು.