ಬಾಗಿದ ಫೋರ್ಕ್ ಜಾರುವುದಿಲ್ಲ

ಕೊಲರಾಡೊ ರಾಜ್ಯದ ಪಶ್ಚಿಮ ಅಂಚಿನಲ್ಲಿ ಫ್ರೂಟಾ ಎಂಬ ಊರಿದೆ. ಮೌಂಟನ್ ಬೈಕ್ ಹುಚ್ಚು ಹತ್ತಿದವರಿಗೆ ಅದೊಂದು ಯಾತ್ರಾಸ್ಥಳ. ಅಲ್ಲಿನ ಮೇರೀಸ್ ಲೂಪ್ ಜಾಡಿನಲ್ಲಿ ಒಂದು ಮಗ್ಗುಲಿಗೆ ಮರಳುಗಲ್ಲಿನ ಗೋಡೆ, ಇನ್ನೊಂದು ಮಗ್ಗುಲಿಗೆ ಆಳದಲ್ಲಿ ಕೊಲರಾಡೊ ನದಿ, ನಡುವೆ ಅಲ್ಲಲ್ಲಿ ಗೇಣೆತ್ತರದ ಬಂಡೆ ಮೆಟ್ಟಿಲುಗಳು. ಅಂಥದೊಂದು ಮೆಟ್ಟಿಲಿಗೆ ನಾಲ್ಕು ಮಾರು ಮುಂಚೆ ನಾನು ಮುಂದಿನ ಬ್ರೇಕ್ ಹಿಡಿದೆ. ನಮ್ಮದು ಇಬ್ಬರು ತುಳಿಯುವ ಟಾಂಡೆಮ್ ಬೈಕು, ಹಿಂದಿನ ಸೀಟಿನಲ್ಲಿ ಹೆಂಡತಿ. ಮುಂದಿನ ಚಕ್ರ ಕಟಕಟ ನಡುಗಲು ಶುರುವಾಯಿತು. 140 ಮಿಲಿಮೀಟರ್ ಕುಗ್ಗಬೇಕಾದ ಫೋರ್ಕ್ ಕುಗ್ಗಲೇ ಇಲ್ಲ, ಏಟು ನೇರವಾಗಿ ಮಣಿಕಟ್ಟಿಗೆ ಬಿತ್ತು. ಇಳಿದು ನೋಡಿದರೆ ಫೋರ್ಕಿನ ಕಾಲಿಗೆ ಸಿಕ್ಕಿಸಿದ ರಬ್ಬರ್ ಉಂಗುರ 60 ಮಿಲಿಮೀಟರ್ ಕೂಡ ದಾಟಿರಲಿಲ್ಲ. ಫೋರ್ಕಿನೊಳಗೆ ಸ್ಪ್ರಿಂಗಿನಂತೆ ಕೆಲಸ ಮಾಡುವ ಗಾಳಿ ಜಾಸ್ತಿಯಾಗಿರಬೇಕು ಅಂದುಕೊಂಡು ಸ್ವಲ್ಪ ಬಿಟ್ಟೆ. ಮುಂದಿನ ಮೆಟ್ಟಿಲಲ್ಲಿ ಇನ್ನೂ ಕೆಟ್ಟದಾಯಿತು.

ನನ್ನ ತಪ್ಪು ಗಾಳಿಯಲ್ಲಿರಲಿಲ್ಲ, ಕೊಳ್ಳುವಾಗಲೇ ಆಗಿಹೋಗಿತ್ತು. ಟಾಂಡೆಮ್‌ಗೆ ಫೋರ್ಕ್ ಹುಡುಕುವವರೆಲ್ಲ ಮೊದಲು ಕೇಳುವ ಪ್ರಶ್ನೆ ‘ಎಷ್ಟು ಟ್ರಾವೆಲ್?’ ಎಂದು, ಅಂದರೆ ಎಷ್ಟು ಕುಗ್ಗುತ್ತದೆ ಎಂದು. ನಾನೂ ಅದನ್ನೇ ಕೇಳಿದ್ದೆ. ಸೆಕೆಂಡ್‌ಹ್ಯಾಂಡ್‌ನಲ್ಲಿ ಅಗ್ಗಕ್ಕೆ ಸಿಕ್ಕಿತು, 32 ಮಿಲಿಮೀಟರ್ ಕಾಲಿನ ಫೋರ್ಕು, ಒಬ್ಬರು ಓಡಿಸುವ ಬೈಕಿಗೆ ಏನೂ ಕೊರತೆಯಿಲ್ಲದ ಮಾಲು. ಇಬ್ಬರ ಬೈಕಿಗೆ ಟ್ರಾವೆಲ್ ಎಂಬುದು ಕೊನೆಯ ಪ್ರಶ್ನೆ ಎಂದು ಈಗ ಹೇಳಬಲ್ಲೆ. ಮೊದಲನೆಯದು, ಕಾಲು ಬಾಗದೆ ನಿಲ್ಲುತ್ತದೆಯೇ. ಎರಡನೆಯದು, ಒಳಗೆ ಪುಟಿತವನ್ನು ಹಿಡಿದಿಡುವ ಡ್ಯಾಂಪರ್ ಇಷ್ಟು ಭಾರವನ್ನು ತಡೆಯುತ್ತದೆಯೇ. ಈ ಎರಡಕ್ಕೂ ಉತ್ತರ ಹೌದು ಎಂದಾದ ಮೇಲೆ 120 ಇರಲಿ, 150 ಇರಲಿ, ಅದು ರುಚಿಯ ಮಾತು.

ಬಾಗುವುದಕ್ಕೂ ಕುಗ್ಗುವುದಕ್ಕೂ ಏನು ಸಂಬಂಧ? ಫೋರ್ಕ್ ಎಂದರೆ ಕೊಳವೆಯೊಳಗೆ ಜಾರುವ ಕೊಳವೆ. ನಡುವೆ ತೆಳ್ಳನೆಯ ಬುಶ್‌ಗಳಿರುತ್ತವೆ. ಬ್ರೇಕ್ ಹಿಡಿದಾಗ ನೆಲ ಚಕ್ರವನ್ನು ಹಿಂದಕ್ಕೆ ತಳ್ಳುತ್ತದೆ, ಕಾಲು ಹಿಂದಕ್ಕೆ ಬಾಗುತ್ತದೆ, ಬುಶ್ ಅದನ್ನು ಕಚ್ಚಿ ಹಿಡಿಯುತ್ತದೆ. ಹಳೇ ಮನೆಯ ಮೇಜಿನ ಡ್ರಾಯರನ್ನು ಓರೆಯಾಗಿ ಎಳೆದರೆ ಸಿಕ್ಕಿಕೊಳ್ಳುತ್ತದಲ್ಲ, ಹಾಗೆ. ಎಷ್ಟೇ ದುಬಾರಿ ಸ್ಪ್ರಿಂಗ್ ಒಳಗಿದ್ದರೂ ಡ್ರಾಯರ್ ಸಿಕ್ಕಿಕೊಂಡಿದ್ದರೆ ಅದರಿಂದ ಉಪಯೋಗವಿಲ್ಲ. ಗಾಳಿ ಕಡಿಮೆ ಮಾಡಿದ್ದರಿಂದ ನಾನು ಪಡೆದದ್ದು ಇಷ್ಟೇ: ಬ್ರೇಕಿಲ್ಲದ ಕಡೆ ಫೋರ್ಕ್ ಮೊದಲೇ ಕುಸಿದು ಕೂರುತ್ತಿತ್ತು, ಬ್ರೇಕಿದ್ದ ಕಡೆ ಎಂದಿನಂತೆ ಕಚ್ಚಿಕೊಳ್ಳುತ್ತಿತ್ತು.

ಮನೆಗೆ ಬಂದು ಲೆಕ್ಕ ಹಾಕಿದೆ. ನಾನು 72 ಕಿಲೋ, ಅವಳು 58, ಬೈಕು 20. ಚಕ್ರದಿಂದ ಚಕ್ರಕ್ಕೆ 1.8 ಮೀಟರ್, ನನ್ನ ಒಂಟಿ ಬೈಕು 1.15. ಹಿಂದೆ ಕೂತವಳ ಭಾರವೇ ಮುಂದಿನ ಫೋರ್ಕಿಗೆ ಬೀಳುತ್ತದೆ ಎಂದು ನಂಬಿದ್ದೆ. ಹಾಗಲ್ಲ. ಅವಳು ಹಿಂದಿನ ಚಕ್ರಕ್ಕೆ ಅಂಟಿಕೊಂಡೇ ಕೂತಿರುವುದರಿಂದ ಅವಳ ಭಾರದಲ್ಲಿ ಮುಂದಕ್ಕೆ ಬರುವುದು ಕಾಲುಭಾಗ, ಹೆಚ್ಚೆಂದರೆ 15 ಕಿಲೋ. ಮುಂದಿನ ಚಕ್ರವನ್ನು ಅರೆಯುವವನು ನಾನೇ. ಒಂಟಿ ಬೈಕಿನಲ್ಲಿ ನನ್ನ ಭಾರದ ಹೆಚ್ಚುಪಾಲು ಹಿಂದಿನ ಚಕ್ರದ ಮೇಲಿತ್ತು. ಟಾಂಡೆಮ್‌ನಲ್ಲಿ ಹಿಂದಿನ ಚಕ್ರ ದೂರ ಸರಿದು ನಾನು ಮುಂದಿನದರ ಹತ್ತಿರ ಬಂದಿದ್ದೇನೆ, ಹಾಗಾಗಿ 46 ಕಿಲೋದಷ್ಟು ಅದರ ಮೇಲೇ. ಬೈಕಿನ ಅರ್ಧವನ್ನೂ ಸೇರಿಸಿದರೆ ಸುಮಾರು 71. ಒಂಟಿ ಬೈಕಿನಲ್ಲಿ ಇದೇ ಲೆಕ್ಕ 34.

ಇದು ಸುಮ್ಮನೆ ಕೂತಿದ್ದಾಗಿನ ಮಾತು. ಒಂಟಿ ಬೈಕಿನಲ್ಲಿ ಬ್ರೇಕನ್ನು ಇನ್ನೂ ಇನ್ನೂ ಒತ್ತುತ್ತ ಹೋದರೆ ಒಂದು ಹಂತದಲ್ಲಿ ಹಿಂದಿನ ಚಕ್ರ ಎದ್ದು ಸವಾರ ಹ್ಯಾಂಡಲ್ ಮೇಲಿಂದ ಹಾರುತ್ತಾನೆ. ಆ ಭಯವೇ ಫೋರ್ಕಿಗೆ ರಕ್ಷೆ. ಉದ್ದದ ಟಾಂಡೆಮ್ ಅಷ್ಟು ಸುಲಭಕ್ಕೆ ಪಲ್ಟಿ ಹೊಡೆಯುವುದಿಲ್ಲ, ಟೈರಿನ ಹಿಡಿತ ತಪ್ಪುವವರೆಗೂ ಒತ್ತಬಹುದು. ಒಂಟಿ ಬೈಕ್ ಪಲ್ಟಿ ಹೊಡೆಯುವ ಅಂಚಿಗೆ ಬಂದಿರುವಷ್ಟು ಗಟ್ಟಿ ಬ್ರೇಕನ್ನೇ ಟಾಂಡೆಮ್‌ನಲ್ಲಿ ಹಿಡಿದರೆ ನಮ್ಮ ಮುಂದಿನ ಚಕ್ರದ ಮೇಲೆ 126 ಕಿಲೋ ಬೀಳುತ್ತದೆ. ಆಗ 203 ಮಿಲಿಮೀಟರ್ ಡಿಸ್ಕನ್ನು ಕಚ್ಚಿದ ಕ್ಯಾಲಿಪರ್ ಮೇಲೆ ಬರುವ ಎಳೆತ 300 ಕಿಲೋದ ಹತ್ತಿರ. ಆ ಕ್ಯಾಲಿಪರ್ ಕೂತಿರುವುದು ಎಡಗಾಲೊಂದರ ಮೇಲೆ. ಬಲಗಾಲು ತನ್ನ ಪಾಲು ಹೊರಬೇಕಾದರೆ ನಡುವಿನ ಆಕ್ಸಲ್ ದಪ್ಪಗಿರಬೇಕು. ಹಳೆಯ ಟಾಂಡೆಮ್ ಜನ 20 ಮಿಲಿಮೀಟರ್ ಆಕ್ಸಲ್ ಬಿಟ್ಟು ಬೇರೆಯದನ್ನು ಮುಟ್ಟದಿರುವುದಕ್ಕೆ ಕಾರಣ ಹಳೇ ಚಟವಲ್ಲ.

ಇದನ್ನೆಲ್ಲ ಸೂತ್ರವಿಲ್ಲದೆ ಬಲ್ಲವರು ನಮ್ಮ ಊರುಗಳಲ್ಲೇ ಇದ್ದರು. ಹಾಲಿನ ಕ್ಯಾನ್ ನೇತುಹಾಕಿಕೊಂಡು ಬರುವವರ ಸೈಕಲ್ ನೆನಪಿರಬಹುದು. ಮುಂದಿನ ಫೋರ್ಕಿನ ಪಕ್ಕ ಆಕ್ಸಲ್‌ನಿಂದ ಹ್ಯಾಂಡಲ್ ಬುಡದವರೆಗೆ ಇನ್ನೊಂದು ಜೊತೆ ಸರಳು ಇರುತ್ತಿತ್ತು. ಅದಿಲ್ಲದ ಸೈಕಲ್ ಕೊಟ್ಟರೆ ಹಾಲಿನವನು ಮೂಸಿಯೂ ನೋಡುತ್ತಿರಲಿಲ್ಲ. ಇಂದು ಡೌನ್‌ಹಿಲ್ ರೇಸಿನವರು ಬಳಸುವ ಡಬಲ್ ಕ್ರೌನ್ ಫೋರ್ಕಿನ ಹಿಂದೆಯೂ ಇದೇ ಬುದ್ಧಿ: ಫ್ರೇಮಿನ ಮುಂದಿನ ಕೊಳವೆಯಾದ ಹೆಡ್‌ಟ್ಯೂಬಿನ ಮೇಲೊಂದು ಕೆಳಗೊಂದು ಹಿಡಿತ, ಅಂದರೆ ಕ್ರೌನ್, ಕೊಟ್ಟರೆ ಬಾಗುವ ಪೆಟ್ಟು ಒಂದೇ ಕಡೆ ಬೀಳುವುದಿಲ್ಲ.

ಹಾಗಾದರೆ ಡಬಲ್ ಕ್ರೌನ್ ಹಾಕಿ ಕೈತೊಳೆದುಕೊಂಡರಾಯಿತೇ? ಅನೇಕರು ಹಾಗೆಯೇ ಮಾಡುತ್ತಾರೆ. 2005ರಲ್ಲಿ ಬಂದ ಫಾಕ್ಸ್ 40ರ ಕಾಲು 40 ಮಿಲಿಮೀಟರ್, ಬಲದ ಬಗ್ಗೆ ಎರಡು ಮಾತಿಲ್ಲ. ಆದರೆ ಡಬಲ್ ಕ್ರೌನ್‌ನಲ್ಲಿ ಹ್ಯಾಂಡಲ್ ಪೂರ್ತಿ ತಿರುಗುವುದಿಲ್ಲ, ಕಾಲು ಫ್ರೇಮಿಗೆ ತಾಗುತ್ತದೆ. ಮೊದಲೇ ಬಸ್ಸಿನಂತೆ ತಿರುಗುವ ಟಾಂಡೆಮ್‌ಗೆ ಇಕ್ಕಟ್ಟಿನ ಹೇರ್‌ಪಿನ್‌ನಲ್ಲಿ ಇದು ದೊಡ್ಡ ದಂಡ. ಎತ್ತರವೂ ಜಾಸ್ತಿ. ಎತ್ತರದ ವಿಷಯದಲ್ಲಿ ಮಾತ್ರ ಟಾಂಡೆಮ್ ಸ್ವಲ್ಪ ಕ್ಷಮಿಸುತ್ತದೆ: ಫೋರ್ಕ್ 20 ಮಿಲಿಮೀಟರ್ ಎತ್ತರವಾದರೆ ಒಂಟಿ ಬೈಕಿನ ಹೆಡ್‌ಟ್ಯೂಬ್ ಒಂದು ಡಿಗ್ರಿ ಮಲಗುತ್ತದೆ, ಉದ್ದದ ಟಾಂಡೆಮ್‌ನಲ್ಲಿ 0.6 ಡಿಗ್ರಿಯಷ್ಟೇ. ಆದರೂ ಫ್ರೇಮ್ ಕಟ್ಟಿದವರು ಡಬಲ್ ಕ್ರೌನ್‌ಗೆ ಒಪ್ಪದಿದ್ದರೆ ಹಾಕಬಾರದು. ಹೆಡ್‌ಟ್ಯೂಬ್ ಬಿರುಕು ಬಿಟ್ಟರೆ ಬೀಳುವವರು ಇಬ್ಬರು.

ನನ್ನ ಒಲವು ದಪ್ಪ ಕಾಲಿನ ಸಿಂಗಲ್ ಕ್ರೌನ್ ಕಡೆಗೆ. ಪಾಲ್ ಟರ್ನರ್ 1989ರಲ್ಲಿ ರಾಕ್‌ಶಾಕ್ಸ್ ಶುರುಮಾಡಿದ ಕಾಲಕ್ಕೆ ಫೋರ್ಕಿನ ಕಾಲು ಕಬ್ಬಿನ ಜಲ್ಲೆಯಂತೆ ಸಣ್ಣಗಿತ್ತು. ಮರುವರ್ಷ ಇದೇ ಕೊಲರಾಡೊದ ಡುರಾಂಗೊದಲ್ಲಿ ನಡೆದ ಮೊದಲ ವಿಶ್ವ ಚಾಂಪಿಯನ್‌ಶಿಪ್‌ನ ಡೌನ್‌ಹಿಲ್‌ನಲ್ಲಿ ಗ್ರೆಗ್ ಹರ್‌ಬೋಲ್ಡ್ ಗೆದ್ದದ್ದು ಅಂಥದ್ದೇ ಫೋರ್ಕಿನ ಮೇಲೆ. ಅಲ್ಲಿಂದ ಕಾಲು ದಪ್ಪವಾಗುತ್ತಲೇ ಬಂದು 2020ರಲ್ಲಿ ಫಾಕ್ಸ್ 38, ರಾಕ್‌ಶಾಕ್ಸ್ ಝೆಬ್ ಎರಡೂ 38 ಮಿಲಿಮೀಟರಿಗೆ ಮುಟ್ಟಿದವು. ಗೋಡೆಯ ದಪ್ಪವೂ ಅದೇ ಪ್ರಮಾಣದಲ್ಲಿ ಬೆಳೆದರೆ ಕೊಳವೆಯ ಬಿಗುವು ವ್ಯಾಸದ ನಾಲ್ಕನೆಯ ಘಾತಕ್ಕೆ ಏರುತ್ತದೆ. 32ರಿಂದ 36ಕ್ಕೆ ಹೋದರೆ 1.6 ಪಟ್ಟು, 38ಕ್ಕೆ ಹೋದರೆ ಹೆಚ್ಚುಕಡಿಮೆ ಎರಡು ಪಟ್ಟು. ಮುಂದಿನ ಚಕ್ರದ ಭಾರ ಇಮ್ಮಡಿಯಾಗಿದ್ದರಿಂದ ನಮಗೆ ಬೇಕಿದ್ದ ಲೆಕ್ಕವೂ ಎರಡೇ. ಇವನ್ನು ಯಾರೂ ಟಾಂಡೆಮ್‌ಗಾಗಿ ಮಾಡಲಿಲ್ಲ. ಕಡಿದಾದ ಇಳಿಜಾರಿನ ರೇಸಿಗೂ ಭಾರದ ಎಲೆಕ್ಟ್ರಿಕ್ ಬೈಕಿಗೂ ಮಾಡಿದರು, ಎಂಜಲು ನಮಗೆ ಸಿಕ್ಕಿತು.

ಎಂಜಲು ಅಂದದ್ದು ಬೇಕೆಂದೇ. ಸೈಕಲ್ ಸುರಕ್ಷತೆಯ ಅಂತಾರಾಷ್ಟ್ರೀಯ ಮಾನದಂಡ ಐಎಸ್‌ಒ 4210 ಫೋರ್ಕಿಗೆ ಹಲವು ಪರೀಕ್ಷೆ ವಿಧಿಸುತ್ತದೆ, ಆದರೆ ತನ್ನ ವ್ಯಾಪ್ತಿಯಿಂದ ಟಾಂಡೆಮನ್ನು ಹೆಸರಿಟ್ಟು ಹೊರಗಿಡುತ್ತದೆ. ಎಷ್ಟೋ ಫೋರ್ಕಿನ ಕೈಪಿಡಿಗಳಲ್ಲಿ ‘ಒಬ್ಬ ಸವಾರನಿಗೆ ಮಾತ್ರ’ ಎಂಬ ಸಾಲು ಇರುತ್ತದೆ. ಕೊಳ್ಳುವ ಮುಂಚೆ ಅದನ್ನು ಓದಿ, ತಯಾರಕರಿಗೆ ಇಬ್ಬರ ತೂಕ ತಿಳಿಸಿ, ಉತ್ತರವನ್ನು ಬರಹದಲ್ಲಿ ತರಿಸಿಕೊಳ್ಳಬೇಕು. ಬೇಡ ಎಂದವರ ಮಾಲನ್ನು ಬಿಡಬೇಕು. ನಾನು ಮೊದಲ ಸಲ ಇದ್ಯಾವುದನ್ನೂ ಮಾಡಿರಲಿಲ್ಲ. ಆ 32ರ ಫೋರ್ಕು ಎರಡನೇ ತಿಂಗಳಿಗೆ ಕ್ರೌನ್‌ನಲ್ಲಿ ಕಿರ್ ಅನ್ನತೊಡಗಿತು. ಬ್ರೇಕ್ ಹಿಡಿದು ಬೈಕನ್ನು ಹಿಂದೆ ಮುಂದೆ ಆಡಿಸಿದರೆ, ಸ್ಟಿಯರರ್ ಕೊಳವೆಯನ್ನು ಕ್ರೌನಿಗೆ ಒತ್ತಿ ಕೂರಿಸಿದ ಜಾಗದಿಂದ ಸದ್ದು. ಎಣ್ಣೆ ಬಿಟ್ಟು ಮುಚ್ಚಿಹಾಕುವ ಸದ್ದಲ್ಲ ಅದು. ಬಿಚ್ಚಿ ಮೂಲೆಗಿಟ್ಟೆ.

ಈಗಿನದು 38ರ ಕಾಲಿನದು, ಏರ್ ಶಾಫ್ಟ್ ಬದಲಿಸಿ 150ಕ್ಕೆ ಇಳಿಸಿದ್ದು. ಸ್ಯಾಗ್, ಅಂದರೆ ಸುಮ್ಮನೆ ಕೂತಾಗ ಫೋರ್ಕ್ ಎಷ್ಟು ಕುಗ್ಗುತ್ತದೆ ಎಂದು ನೋಡುವ ದಿನ ಪಕ್ಕದ ಮನೆಯ ಹನ್ನೊಂದರ ಹುಡುಗನನ್ನು ಕರೆದೆ, ಏಕೆಂದರೆ ಇಬ್ಬರೂ ಸವಾರಿಯ ಭಂಗಿಯಲ್ಲಿ ಕೂತ ಮೇಲೆ ಉಂಗುರವನ್ನು ಕೆಳಗೆ ತಳ್ಳಲು ಮೂರನೆಯ ಕೈ ಬೇಕೇ ಬೇಕು. ನಾನು ಗ್ಯಾರೇಜಿನ ಗೋಡೆಗೆ ಮೊಣಕೈ ಆನಿಸಿದೆ. ಹೆಂಡತಿ ಫೋನ್ ನೋಡುತ್ತ ನೆಟ್ಟಗೆ ಕೂತಿದ್ದಳು. ಬಗ್ಗಿ ಹ್ಯಾಂಡಲ್ ಹಿಡಿ ಅಂದೆ. ಹುಡುಗ ಉಂಗುರ ತಳ್ಳಿದ, ನಾವು ಮೆಲ್ಲಗೆ ಇಳಿದೆವು, ಅವನು ಶಾಲೆಯ ಸ್ಕೇಲಿಟ್ಟು ‘ಐವತ್ತೆರಡು’ ಅಂದ. ಬೇಕಿದ್ದದ್ದು 30, ಅಂದರೆ ಟ್ರಾವೆಲ್‌ನ ಐದನೇ ಒಂದು ಪಾಲು. ಕಾಲಿಗೆ ಅಂಟಿಸಿದ ಒತ್ತಡದ ಪಟ್ಟಿ ನಮ್ಮ ಉಪಯೋಗಕ್ಕೆ ಬರಲಿಲ್ಲ. ಮುಂದಿನ ಚಕ್ರಕ್ಕೆ ನಾವಿಬ್ಬರೂ ಸೇರಿ, ಒಂಟಿ ಬೈಕಿನ ಲೆಕ್ಕದಲ್ಲಿ, ನೂರೈವತ್ತು ಕಿಲೋದ ಒಬ್ಬ ಆಸಾಮಿ, ಅವನ ಹೆಸರು ಆ ಪಟ್ಟಿಯಲ್ಲಿಲ್ಲ. ಪಂಪ್ ಹಾಕಿ, ಕೂತು, ಇಳಿದು, ಮತ್ತೆ ಪಂಪ್ ಹಾಕಿ, ಆರನೇ ಸಲಕ್ಕೆ 31 ಬಂತು. ಅಷ್ಟರಲ್ಲಿ ಮುದ್ರಿಸಿದ ಗರಿಷ್ಠ ಒತ್ತಡಕ್ಕೆ ನಾಲ್ಕೇ ಪಿಎಸ್‌ಐ ಬಾಕಿಯಿತ್ತು. ಆ ಗೆರೆ ದಾಟಬಾರದು. ಜೋರು ಏಟಿಗೆ ತಳ ಮುಟ್ಟುತ್ತಿದ್ದರೆ ಗಾಳಿ ತುಂಬುವುದಲ್ಲ, ಒಳಗೆ ಪ್ಲಾಸ್ಟಿಕ್ ಸ್ಪೇಸರ್ ಸೇರಿಸಿ ಗಾಳಿಯ ಕೋಣೆಯನ್ನೇ ಚಿಕ್ಕದು ಮಾಡುವುದು ಸರಿಯಾದ ದಾರಿ.

ಇಲ್ಲಿಗೆ ನಿಲ್ಲಿಸಿಬಿಡುವವರೇ ಹೆಚ್ಚು, ನನ್ನ ಮುಖ್ಯ ತಕರಾರು ಅದರ ಮೇಲೆಯೇ. ಸ್ಪ್ರಿಂಗನ್ನು ಯಾರು ಬೇಕಾದರೂ ಪಂಪಿನಿಂದ ಗಟ್ಟಿಮಾಡಬಹುದು, ಆದರೆ ಡ್ಯಾಂಪರ್ ಪಂಪಿಗೆ ಬಗ್ಗುವುದಿಲ್ಲ. ಭಾರವೂ ಸ್ಪ್ರಿಂಗೂ ಇಮ್ಮಡಿಯಾದರೆ ತಡೆಯೂ ಇಮ್ಮಡಿಯಾಗಬೇಕು. ಪುಟಿತವನ್ನು ನಿಧಾನಿಸುವ ರೀಬೌಂಡ್ ಗುಂಡಿಯನ್ನು ಪೂರ್ತಿ ಮುಚ್ಚಿದರೂ ನಮ್ಮ ಫೋರ್ಕ್ ಫುಟ್‌ಪಾತ್ ಅಂಚಿನಿಂದ ಇಳಿದಾಗ ಒಂದಲ್ಲ, ಎರಡು ಸಲ ಪುಟಿಯುತ್ತಿತ್ತು. ಒಂಟಿ ಸವಾರ ಮೊಣಕೈಯಿಂದ ಅದನ್ನು ನುಂಗಿಬಿಡುತ್ತಾನೆ, ಮುಂದೆ ಕಲ್ಲು ಕಂಡರೆ ಚಕ್ರವನ್ನು ಎತ್ತಿಬಿಡುತ್ತಾನೆ. ಟಾಂಡೆಮ್‌ನಲ್ಲಿ ಎತ್ತುವ ಮಾತೇ ಇಲ್ಲ. ಎದುರಾದ ಕಲ್ಲನ್ನೆಲ್ಲ ಫೋರ್ಕೇ ಉಣ್ಣಬೇಕು. ಡ್ಯಾಂಪರನ್ನು ಬಿಚ್ಚಿಸಿ, ಎಣ್ಣೆಗೆ ಅಡ್ಡ ನಿಲ್ಲುವ ತೆಳ್ಳನೆಯ ಉಕ್ಕಿನ ಬಿಲ್ಲೆಗಳನ್ನು ಹೆಚ್ಚಿಸಿಕೊಂಡು ಬಂದ ಮೇಲೆ ಗುಂಡಿ ನಡುವಿನ ಜಾಗದಲ್ಲಿ ನಿಂತಿತು. ಹೊಸ ಫೋರ್ಕ್ ಕೊಟ್ಟ ನೆಮ್ಮದಿಗಿಂತ ಆ ಬಿಲ್ಲೆಗಳು ಕೊಟ್ಟದ್ದು ದೊಡ್ಡದು.

ಹಿಂದೆ ಕೂತವಳಿಗೆ ಇದರಿಂದ ಏನು ಸುಖ ಎಂದರೆ, ಹೆಚ್ಚೇನಿಲ್ಲ. ಮುಂದಿನ ಚಕ್ರ 8 ಸೆಂಟಿಮೀಟರ್ ಕಲ್ಲು ಹತ್ತಿದರೆ ನಾನು 5 ಮೇಲೇಳುತ್ತೇನೆ, ಅವಳು ಬರೀ 2. ಅವಳನ್ನು ಕಾಡುವುದು ಹಿಂದಿನ ಚಕ್ರ, ಅದೂ ಕಣ್ಣಿಗೆ ಕಾಣದೆ ಬರುವ ಏಟು. ಥಡ್‌ಬಸ್ಟರ್‌ನಂಥ ಸಸ್ಪೆನ್ಶನ್ ಸೀಟ್‌ಪೋಸ್ಟ್ ಅವಳಿಗೆ ಫೋರ್ಕಿಗಿಂತ ಹೆಚ್ಚು ಉಪಕಾರಿ, ಬೆಲೆಯೂ ಎಷ್ಟೋ ಕಡಿಮೆ. ಬಜೆಟ್ ಬಿಗಿಯಾಗಿದ್ದರೆ ಅದನ್ನು ಮೊದಲು ಕೊಳ್ಳಿ. ಫೋರ್ಕ್ ಇರುವುದು ಚಕ್ರ ನೆಲ ಬಿಡದಂತೆ, ಹಿಡಿದ ಗೆರೆ ತಪ್ಪದಂತೆ ನೋಡಿಕೊಳ್ಳಲು.

ಈ ಶರತ್ಕಾಲದಲ್ಲಿ ಮತ್ತೆ ಮೇರೀಸ್ ಲೂಪ್‌ಗೆ ಹೋಗಿದ್ದೆವು. ಅದೇ ಮೆಟ್ಟಿಲು, ಅದೇ ಬ್ರೇಕು. ಕೆಳಗೆ ನಿಂತು ನೋಡಿದಾಗ ಉಂಗುರ ತುದಿಗಿಂತ 12 ಮಿಲಿಮೀಟರ್ ಕೆಳಗಿತ್ತು. ವಾಪಸು ಬಂದು ಕೆಳಗಿನ ಕಾಲುಗಳನ್ನು ಸರ್ವೀಸಿಗೆ ಬಿಚ್ಚಿದೆ. ಸಾಮಾನ್ಯವಾಗಿ 50 ಗಂಟೆಗೊಮ್ಮೆ ಮಾಡುವ ಕೆಲಸವನ್ನು ನಾನು 30ಕ್ಕೇ ಮಾಡುತ್ತೇನೆ. ಎಣ್ಣೆ ಬೂದಿ ಬಣ್ಣಕ್ಕೆ ತಿರುಗಿತ್ತು. ಬಟ್ಟೆಯಲ್ಲಿ ಒರೆಸಿ ಬೆಳಕಿಗೆ ಹಿಡಿದಾಗ ಎಡಗಾಲಿನ ಹಿಂಬದಿಯಲ್ಲಿ, ಬುಶ್ ಕೂರುವ ಎತ್ತರದಲ್ಲಿ, ಬೆರಳಗಲದ ಜಾಗದ ಬಣ್ಣ ಆಗಲೇ ಒಂದಿಷ್ಟು ಮಾಸಿತ್ತು. ಬಲಗಾಲಿನಲ್ಲಿ ಇನ್ನೂ ಏನೂ ಇರಲಿಲ್ಲ.