ಕಬ್ಬಿಣ-55ರ ಗುಡ್ಡ
ಧರ್ಮಪುರದ ಕೆರೆ ಏರಿಯ ಮೇಲೆ ಎಷ್ಟು ಹೊತ್ತು ನಿಂತರೂ ನಕ್ಷತ್ರಗಳ ಎಕ್ಸ್-ಕಿರಣ ನಮ್ಮನ್ನು ಮುಟ್ಟುವುದಿಲ್ಲ. ವಾತಾವರಣವೇ ಅದನ್ನು ನುಂಗಿಬಿಡುತ್ತದೆ. ಅದಕ್ಕೇ 2024ರ ಜನವರಿ 1ರಂದು ಎಕ್ಸ್‌ಪೋಸ್ಯಾಟ್ ಉಪಗ್ರಹ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯವರು ಕಟ್ಟಿದ ಪೋಲಿಕ್ಸ್ ಎಂಬ ಎಕ್ಸ್-ಕಿರಣ ಉಪಕರಣವನ್ನು ಹೊತ್ತು ಮೇಲೇರಿತು. ಅಲ್ಲಿಗೆ ಹೋಗಿ ರಿಪೇರಿ ಮಾಡುವವರಿಲ್ಲ. ಹಾಗಾಗಿ ಇಂಥ ಉಪಕರಣದ ಡಿಟೆಕ್ಟರನ್ನು ನೆಲದ ಮೇಲೇ ಒರೆಗೆ ಹಚ್ಚಬೇಕು. ನಾನು ಮನಸೋತಿದ್ದು ಆ ಕೆಲಸಕ್ಕೆ.

ವಿಕಿರಣಶೀಲ ಕಬ್ಬಿಣ-55 ಸೂಸುವ ಎಕ್ಸ್-ಕಿರಣದ ಶಕ್ತಿ 5.9 ಕಿಲೋ ಎಲೆಕ್ಟ್ರಾನ್‌ವೋಲ್ಟ್ ಎಂಬುದು ಮೊದಲೇ ಗೊತ್ತು. ಆ ಕಬ್ಬಿಣವನ್ನು ಅನಿಲ ತುಂಬಿದ ಡಿಟೆಕ್ಟರಿನ ಕಿಟಕಿಗೆ ಹಿಡಿಯುತ್ತಾರೆ. ಒಳಗಿನ ಸಪೂರ ತಂತಿ ಮಿಡಿಯುತ್ತದೆ, ಪರದೆಯ ಮೇಲಿನ ಶಕ್ತಿಯ ನಕ್ಷೆಯಲ್ಲಿ ಗುಡ್ಡವೊಂದು ಏಳುತ್ತದೆ. ಗುಡ್ಡ ತೆಳ್ಳಗಿದ್ದಷ್ಟೂ ಡಿಟೆಕ್ಟರ್ ಚುರುಕು. ತಂತಿಯ ತುದಿಯಲ್ಲೂ ನಡುವಿನಲ್ಲೂ ಅದು ಒಂದೇ ಜಾಗದಲ್ಲಿ ಏಳುತ್ತದೆಯೇ ಎಂದು ಇಂಚಿಂಚಾಗಿ ಸರಿಸಿ ನೋಡುವ ತಾಳ್ಮೆ ಎಂಥದ್ದು! ವೋಲ್ಟೇಜ್ ತುಸು ಏರಲಿ, ಅನಿಲ ತುಸು ಕೆಡಲಿ, ಗುಡ್ಡ ಜರುಗಿಬಿಡುತ್ತದೆ.