ಆಪ್ತವಾಕ್ಯವೂ ಯಂತ್ರದರ್ಪಣವೂ

ಒಂದು ಜನಾಂಗವನ್ನೇ ಬೇರುಸಹಿತ ಕಿತ್ತೊಗೆಯಲು ನಡೆದ ಘೋರಕೃತ್ಯವನ್ನು ಮುಂದಿನ ತಲೆಮಾರಿನವರಿಗೆ ಹೇಗೆ ತಿಳಿಸತಕ್ಕದ್ದು? ಇದು ಚರಿತ್ರಕಾರರಿಗೆ ಮಾತ್ರ ಸಂಬಂಧಿಸಿದ ಪ್ರಶ್ನೆಯೆಂದು ಸಾಹಿತ್ಯಾಭ್ಯಾಸಿಗಳು ಸುಮ್ಮನಿರಲಾಗದು. ತಿಳಿಸುವ ಕಾರ್ಯವೆಲ್ಲವೂ ಒಂದು ರೂಪವನ್ನು ಬೇಡುವುದು. ರೂಪವೆಂದೊಡನೆ ಔಚಿತ್ಯದ ವಿಚಾರವು ತಲೆದೋರುವುದು. ಎರಡನೆಯ ಮಹಾಯುದ್ಧದ ಕಾಲದಲ್ಲಿ ನಾಜಿ ಜರ್ಮನಿಯೂ ಅದರ ಸಹಚರರೂ ಸುಮಾರು 60 ಲಕ್ಷ ಯೆಹೂದ್ಯರನ್ನು ಕೊಂದರು. ಉಪಾಧ್ಯಾಯನಾಗಿದ್ದಾಗ ಈ ಸಂಖ್ಯೆಯನ್ನು ನಾನು ಎಷ್ಟೋ ವರ್ಷ ಕರಿಹಲಗೆಯ ಮೇಲೆ ಬರೆದೆನು. ಹುಡುಗರು ಪರೀಕ್ಷೆಯಲ್ಲಿ ಅದನ್ನು ತಪ್ಪಿಲ್ಲದೆ ಬರೆದರು. ಒಬ್ಬನ ಕಣ್ಣಾದರೂ ತೇವಗೊಂಡುದನ್ನು ಕಾಣೆನು. ಅವರಲ್ಲಿ ದೋಷವೆಣಿಸಲಾರೆ. ಸಂಖ್ಯೆಗೆ ಮುಖವೆಲ್ಲಿಯದು?

ಆ ಮುಖವನ್ನು ಒದಗಿಸುವೆನೆಂದು ಇಂದು ಡಿಜಿಟಲ್ ಮಾಧ್ಯಮವು ಮುಂದೆ ಬಂದಿದೆ. ಅದರ ಎರಡು ಕೃತಿಗಳನ್ನು ವಾಚಕರ ಮುಂದಿಟ್ಟು ಪರಾಮರ್ಶಿಸುವುದು ಈ ಲೇಖನದ ಉದ್ದೇಶ.

ಮೊದಲನೆಯದು, 2019ರ ಮೇ ತಿಂಗಳಲ್ಲಿ ಇನ್‌ಸ್ಟಾಗ್ರಾಂ ಎಂಬ ಚಿತ್ರವಾಹಿನಿಯಲ್ಲಿ ಬೆಳಕು ಕಂಡ 'ಏವಾ ಸ್ಟೋರೀಸ್'. ಇಸ್ರೇಲಿನ ಮಾಟಿ ಕೊಖಾವಿ ಮತ್ತು ಅವರ ಮಗಳು ಮಾಯಾ ಇದರ ಕರ್ತೃಗಳು. ಏವಾ ಹೇಮನ್ ಎಂಬ ಬಾಲಿಕೆ ವಾಸಿಸುತ್ತಿದ್ದ ಊರು ಇಂದು ರುಮೇನಿಯಾಕ್ಕೆ ಸೇರಿದ ಒರಾಡಿಯಾ. ಆಗ ಅದು ಹಂಗೆರಿಯ ಆಳ್ವಿಕೆಯಲ್ಲಿತ್ತು. 1944ರ ಫೆಬ್ರವರಿ 13ರಂದು, ತನ್ನ ಹದಿಮೂರನೆಯ ಹುಟ್ಟುಹಬ್ಬದ ದಿನ, ಅವಳು ದಿನಚರಿಯನ್ನು ಆರಂಭಿಸಿದಳು. ಮಾರ್ಚ್ 19ರಂದು ಜರ್ಮನ್ ಸೈನ್ಯವು ಹಂಗೆರಿಯನ್ನು ಹೊಕ್ಕಿತು. ಮೊದಲು ಅವಳ ಬೈಸಿಕಲ್ಲು ಹೋಯಿತು, ಬಳಿಕ ಮನೆ ಹೋಯಿತು. ಮೇ 30ಕ್ಕೆ ದಿನಚರಿಯು ನಿಂತಿತು. ಅದನ್ನು ಕಾಪಾಡಿದವಳು ಮನೆಯ ಅಡುಗೆಯವಳು. ಆ ವರ್ಷ ಮೇ ತಿಂಗಳ ನಡುವಿನಿಂದ ಎಂಟು ವಾರಗಳೊಳಗೆ ಹಂಗೆರಿಯಿಂದ ಸುಮಾರು 4,40,000 ಯೆಹೂದ್ಯರನ್ನು ರೈಲುಗಳಲ್ಲಿ ತುಂಬಿ ಕಳುಹಿಸಿದರು. ಬಹುತೇಕ ಎಲ್ಲರನ್ನೂ ಆಶ್ವಿಟ್ಜಿಗೆ. ಏವಾ ಅಕ್ಟೋಬರಿನಲ್ಲಿ ಅಲ್ಲಿಯೇ ಹತಳಾದಳು.

ಆ ಬಾಲಿಕೆಯ ಕೈಯಲ್ಲಿ ಇಂದಿನ ಮೊಬೈಲ್ ಫೋನೊಂದು ಇದ್ದಿದ್ದರೆ ಎಂಬ ಕಲ್ಪನೆಯೇ ಈ ಕೃತಿಯ ಬೀಜ. ನಟಿಯೊಬ್ಬಳು ಏವಾ ಆಗಿ, ತಾನೇ ಚಿತ್ರ ತೆಗೆಯುತ್ತಿರುವಂತೆ ನಮ್ಮೊಡನೆ ಮಾತನಾಡುವಳು. ಇದು ಅಪಚಾರವೆಂದು ಅನೇಕರು ಆಕ್ಷೇಪಿಸಿದರು. ಆ ಆಕ್ಷೇಪವನ್ನು ನಾನು ಪೂರ್ಣವಾಗಿ ಒಪ್ಪಲಾರೆ. ಪತ್ರಿಕಾ ಛಾಯಾಗ್ರಾಹಕಿಯಾಗಬೇಕೆಂಬುದು ಏವಾಳ ಸ್ವಂತ ಹಂಬಲವಾಗಿತ್ತು. ಆದುದರಿಂದ ಅವಳ ಕೈಗೆ ಕ್ಯಾಮರಾ ಕೊಡುವ ಕಲ್ಪನೆಯು ನಿರ್ಮೂಲವಾದುದಲ್ಲ. ಮೇಲಾಗಿ, ಕಾವ್ಯವು ಪ್ರಭುವಿನಂತೆ ಆಜ್ಞಾಪಿಸದೆ ಕಾಂತೆಯಂತೆ ಮನವೊಲಿಸುವುದೆಂದು ನಮ್ಮ ಆಲಂಕಾರಿಕರು ಹೇಳಿಲ್ಲವೆ? ಕರಿಹಲಗೆಯ ಸಂಖ್ಯೆಯು ಮಾಡಲಾರದುದನ್ನು ಇದು ಮಾಡಿತು. ನನ್ನ ಮೊಮ್ಮಗಳು ಇದನ್ನು ನೋಡುತ್ತ ಊಟಕ್ಕೆ ಕರೆದರೂ ಏಳಲಿಲ್ಲ. ಅವಳ ಕಣ್ಣುಗಳು ತುಂಬಿದ್ದವು.

ಆದರೆ ಅವಳು ಕೇಳಿದ ಪ್ರಶ್ನೆಯು ನನ್ನನ್ನು ಬೆಚ್ಚಿಬೀಳಿಸಿತು. "ಅಜ್ಜಾ, ಇದೆಲ್ಲಾ ಅವಳೇ ತೆಗೆದದ್ದಾ?" ಎಂದಳು. ರಂಗಮಂದಿರದಲ್ಲಿ ಸೂತ್ರಧಾರನು ಮೊದಲೇ ಬಂದು ಇದು ನಾಟಕವೆಂದು ಅರಿಕೆಮಾಡುವನು. ಗೆಳತಿಯರ ನಿಜವಾದ ಚಿತ್ರಗಳ ನಡುವೆಯೇ ಅಂಗೈಗೆ ಬಂದಿಳಿಯುವ ಈ ದೃಶ್ಯಗಳಿಗೆ ಸೂತ್ರಧಾರನಾರು? ಮೂಲ ದಿನಚರಿಯಲ್ಲಿಯೇ, ಅದನ್ನು ಪ್ರಕಟಿಸಿದ ತಾಯಿಯ ಕೈವಾಡವೆಷ್ಟೆಂದು ವಿದ್ವಾಂಸರು ಚರ್ಚಿಸಿರುವರು. ಅದರ ಮೇಲೆ ಇನ್ನೊಂದು ಲೇಪವನ್ನು ಹಚ್ಚುವವರು ಲೇಪವೆಲ್ಲಿ, ಗೋಡೆಯೆಲ್ಲಿ ಎಂದು ತೋರಿಸಬೇಡವೆ?

ಎರಡನೆಯ ಕೃತಿಯು ಬೇರೆ ಜಾತಿಯದು. ಚಿತ್ರನಿರ್ದೇಶಕ ಸ್ಟೀವನ್ ಸ್ಪಿಲ್‌ಬರ್ಗ್ 1994ರಲ್ಲಿ ಸ್ಥಾಪಿಸಿದ ಶೋಆ ಫೌಂಡೇಶನ್ ಬದುಕುಳಿದವರ ಸಾಕ್ಷ್ಯಗಳನ್ನು ಚಿತ್ರಸಹಿತ ಸಂಗ್ರಹಿಸಿದೆ. ಅವುಗಳ ಸಂಖ್ಯೆ ಇಂದು 50,000ವನ್ನು ಮೀರಿದೆ. ರುವಾಂಡಾ, ಆರ್ಮೇನಿಯಾ, ನಾನ್‌ಜಿಂಗ್‌ಗಳ ಹತ್ಯಾಕಾಂಡಗಳ ಸಾಕ್ಷ್ಯಗಳೂ ಅಲ್ಲಿವೆ. ಅದೇ ಸಂಸ್ಥೆಯವರು ಪಿಂಕಸ್ ಗಟ್ಟರ್ ಎಂಬವರನ್ನು ಸುತ್ತಲೂ ಕ್ಯಾಮರಾಗಳಿಟ್ಟು ಕೂರಿಸಿ, ಸಾವಿರಕ್ಕೂ ಮಿಗಿಲಾದ ಪ್ರಶ್ನೆಗಳನ್ನು ಕೇಳಿ ಉತ್ತರಗಳನ್ನು ಮುದ್ರಿಸಿಕೊಂಡರು. ವಸ್ತುಸಂಗ್ರಹಾಲಯಕ್ಕೆ ಬಂದ ಬಾಲಕನು ಪ್ರಶ್ನೆ ಕೇಳಿದರೆ, ಯಂತ್ರವು ತಕ್ಕ ಉತ್ತರವನ್ನು ಆರಿಸಿ ಅವರ ಬಿಂಬದಿಂದ ನುಡಿಸುವುದು. ಆರಿಸುವಲ್ಲಿ ಯಂತ್ರವು ತಪ್ಪಬಹುದು. ನುಡಿಯು ಮಾತ್ರ ಅವರದೇ.

ನ್ಯಾಯಶಾಸ್ತ್ರವು ಶಬ್ದಪ್ರಮಾಣವನ್ನು ಹೇಳುವಾಗ ಆಪ್ತನ ಲಕ್ಷಣವನ್ನು ವಿವರಿಸಿದೆ: ತಾನು ಸಾಕ್ಷಾತ್ತಾಗಿ ಕಂಡುದನ್ನು ಕಂಡಂತೆಯೇ ತಿಳಿಸಬೇಕೆಂಬ ಇಚ್ಛೆಯುಳ್ಳವನೇ ಆಪ್ತನು. ಗಟ್ಟರ್ ಅವರಿಗೆ ಈ ಲಕ್ಷಣವು ಎಷ್ಟು ಒಪ್ಪುವುದೆಂಬುದಕ್ಕೆ ಒಂದೇ ನಿದರ್ಶನ ಸಾಕು. 1943ರಲ್ಲಿ, ಹನ್ನೊಂದು ವರ್ಷದ ಬಾಲಕನಾಗಿ, ಅವರು ತಂದೆತಾಯಿಯರೊಡನೆಯೂ ಅವಳಿ ಸೋದರಿ ಸಬೀನಾಳೊಡನೆಯೂ ಮೈದಾನೆಕ್ ಶಿಬಿರವನ್ನು ಮುಟ್ಟಿದರು. ಅಲ್ಲಿ ಉಳಿದವರು ಅವರೊಬ್ಬರೇ. ಸಬೀನಾಳ ಹೊಂಬಣ್ಣದ ಜಡೆ ಮಾತ್ರ ತನಗೆ ನೆನಪಿದೆ, ಮುಖವು ನೆನಪಿಗೆ ಬರುವುದಿಲ್ಲವೆಂದು ಅವರು ಹೇಳಿರುವರು.

ಗರ್ಭದಿಂದ ಜೊತೆಗೂಡಿ ಬಂದವಳ ಮುಖವೇ ಮರೆತುಹೋಗಿದೆ! ಕವಿಯಾದವನು ಇಲ್ಲಿ ಒಂದು ಮುಖವನ್ನು ವರ್ಣಿಸಿಬಿಡುತ್ತಿದ್ದನು. ಯಂತ್ರವು ಕ್ಷಣಾರ್ಧದಲ್ಲಿ ಚಿತ್ರಿಸಿಬಿಡುತ್ತಿತ್ತು. ಸಾಕ್ಷಿಯು ಆ ಬರಿದಾದ ಎಡೆಯನ್ನು ಬರಿದಾಗಿಯೇ ಬಿಟ್ಟಿರುವನು. ಕೊಲೆಗಾರರು ಜೀವದೊಡನೆ ಮುಖವನ್ನೂ ಕಸಿದರೆಂಬ ಸತ್ಯವು ಆ ಮರೆವಿನಲ್ಲಿಯೇ ನೆಲೆಸಿದೆ. ಅದನ್ನು ತುಂಬಿದವನು ಆ ಸತ್ಯವನ್ನು ಅಳಿಸಿದಂತಾಗುವುದು.

ಇದು ಬರಿಯ ಶಾಸ್ತ್ರಚರ್ಚೆಯಲ್ಲ. ಮೃತರ ಬಾಯಲ್ಲಿ ಅವರಾಡದ ಮಾತುಗಳನ್ನಿಡಬಲ್ಲ ಕೃತಕ ಬುದ್ಧಿಮತ್ತೆಯು ಬಳಕೆಗೆ ಬಂದಿದೆ. ಅದರಿಂದ ಈ ಹತ್ಯಾಕಾಂಡದ ಚರಿತ್ರೆಯು ವಿಕೃತಗೊಳ್ಳಬಹುದೆಂದು ಯುನೆಸ್ಕೋ ಸಂಸ್ಥೆಯು 2024ರಲ್ಲಿ ಎಚ್ಚರಿಸಿತು. ಕಂಡವರು ದಿನೇ ದಿನೇ ಕಡಮೆಯಾಗುತ್ತಿರುವರು. ಹುಸಿಮಾತು ಒಂದೆರಡು ಬೆರೆತರೂ ಸಾಕು, ಇಂಥದು ನಡೆದೇ ಇಲ್ಲವೆನ್ನುವವರು ಅದನ್ನೇ ಹಿಡಿದು ಇಡಿಯ ಸಾಕ್ಷ್ಯವನ್ನು ಸುಳ್ಳೆಂದು ಸಾರುವರು.

ಹಾಗಾದರೆ ಕಲ್ಪನೆಗೆ ಇಲ್ಲಿ ಎಡೆಯೇ ಇಲ್ಲವೆ? ಉಂಟು, ಆದರೆ ಅದು ಬಾಗಿಲಲ್ಲಿ ನಿಲ್ಲತಕ್ಕದ್ದು. ಬಂದವರನ್ನು ಕೈಹಿಡಿದು ಒಳಗಿರುವ ಸಾಕ್ಷಿಯ ಬಳಿಗೆ ಕಳುಹಿಸಿದರೆ ಅದರ ಕೆಲಸ ಮುಗಿಯಿತು. ಸಾಕ್ಷಿಯ ಪೀಠದಲ್ಲಿ ತಾನೇ ಕುಳಿತರೆ ಅದು ಅಪರಾಧಿ. ಏವಾಳ ಚಿತ್ರಮಾಲೆಯನ್ನು ಮಕ್ಕಳಿಗೆ ತೋರಿಸುವ ತಾಯ್ತಂದೆಯರು ಪಕ್ಕದಲ್ಲಿ ಕುಳಿತು ಸೂತ್ರಧಾರನ ಮಾತನ್ನು ತಾವೇ ಆಡಲಿ.

ನಾನು ಮೊಮ್ಮಗಳಿಗೆ ಹೇಳಿದೆನು: "ಇಲ್ಲಮ್ಮಾ, ಇದು ಆಟ ಕಟ್ಟಿದ್ದು; ಅವಳು ಬರೆದದ್ದು ಬೇರೆ ಇದೆ." "ಅದನ್ನ ತರಿಸಿಕೊಡು" ಎಂದಳು. ಆ ಚಿತ್ರಮಾಲೆಯ ಪರವಾಗಿ ಇದಕ್ಕಿಂತ ಮೇಲಾದ ಮಾತನ್ನು ನಾನು ಹೇಳಲಾರೆ.